ಪಟಾಕಿ: ನಮ್ಮ ಖುಷಿ, ನೆರೆಯವರ ಹಕ್ಕು

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)

 

ಖಾಸಗಿಯಾಗಿ ಪಟಾಕಿ ಹಾರಿಸುವುದಕ್ಕೆ ಮಿತಿ ಹಾಕಬೇಕೆ ಎಂಬುದು ಇಂದು ನನಗೆ ಕೊಟ್ಟಿರುವ ವಿಷಯ. ಶಾಲೆ, ಹಾಸ್ಟೆಲು, ವಿದ್ಯಾರ್ಥಿವೇತನದ ಬಗ್ಗೆ ಚರ್ಚಿಸಬೇಕಾದ ವೇದಿಕೆಯಲ್ಲಿ ಪಟಾಕಿಯ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ಪಟಾಕಿಯಿಂದ ಕಣ್ಣು, ಕೈ ಕಳೆದುಕೊಳ್ಳುವವರಲ್ಲಿ ಶಾಲೆಗೆ ಹೋಗುವ ಮಕ್ಕಳೇ ಬಹಳ. ಕಣ್ಣು ಹೋದ ಮಗುವಿಗೆ ಪುಸ್ತಕ ಕೊಟ್ಟು ಏನು ಪ್ರಯೋಜನ? ಆದ್ದರಿಂದ ಇದು ಶಿಕ್ಷಣದ ವಿಷಯವೇ ಹೌದು.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಮುಸ್ಲಿಂ ಸಂಸ್ಥೆಯೊಂದರ ವೇದಿಕೆಯಿಂದ ಪಟಾಕಿಯ ವಿರುದ್ಧ ಮಾತನಾಡಿದರೆ, ಇವರು ದೀಪಾವಳಿಯ ಮೇಲೆ ಬೊಟ್ಟು ಮಾಡುತ್ತಿದ್ದಾರೆ ಎಂದು ಯಾರಾದರೂ ತಿಳಿಯುವ ಸಂಭವವಿದೆ. ಆ ಅನುಮಾನಕ್ಕೆ ಎಡೆ ಇರಬಾರದು. ಬೇರೆಯವರ ಅಂಗಳ ಗುಡಿಸುವ ಮೊದಲು ನಮ್ಮ ಅಂಗಳ ಗುಡಿಸಬೇಕು. ಹಾಗಾಗಿ ನಾನು ನಮ್ಮ ಓಣಿಯಿಂದಲೇ ಆರಂಭಿಸುತ್ತೇನೆ.

ಶಬ್-ಎ-ಬರಾತ್ ಪ್ರಾರ್ಥನೆಯ ರಾತ್ರಿ. ಹಿರಿಯರು ಮಸೀದಿಯಲ್ಲಿರುತ್ತಾರೆ, ಅಗಲಿದವರಿಗಾಗಿ ದುವಾ ಮಾಡಲು ಖಬರಸ್ತಾನಕ್ಕೆ ಹೋಗುತ್ತಾರೆ. ಅದೇ ರಾತ್ರಿ ಎಷ್ಟೋ ಊರುಗಳ ಓಣಿಗಳಲ್ಲಿ ಹುಡುಗರು ನಡುರಾತ್ರಿಯವರೆಗೆ ಪಟಾಕಿ ಹಾರಿಸುತ್ತಾರೆ. ಇದಕ್ಕೆ ಧರ್ಮದ ಆಧಾರವಿದೆಯೇ? ಇಲ್ಲ. 1551ರಿಂದ 1642ರವರೆಗೆ ಬದುಕಿದ್ದ ದೆಹಲಿಯ ಹದೀಸ್ ವಿದ್ವಾಂಸ ಶೇಖ್ ಅಬ್ದುಲ್ ಹಕ್ ಮುಹದ್ದಿಸ್ ದೆಹಲವಿಯವರು ಆ ಕಾಲದಲ್ಲೇ ಈ ರೂಢಿಯನ್ನು ಖಂಡಿಸಿ ಬರೆದಿದ್ದಾರೆ. ಅಂದರೆ ಇದು ಇಂದಿನ ಪರಿಸರವಾದಿಗಳು ಹುಟ್ಟುಹಾಕಿದ ತಕರಾರಲ್ಲ. ನಾನೂರು ವರ್ಷಗಳಿಂದ ನಮ್ಮ ಉಲೇಮಾಗಳು ಹೇಳುತ್ತಲೇ ಬಂದಿದ್ದಾರೆ, ನಾವು ಕೇಳುತ್ತಿಲ್ಲ ಅಷ್ಟೇ.

ಇನ್ನು ಶಾದಿಯ ಬರಾತ್. ಸಾಲ ಮಾಡಿ ಮದುವೆ ಮಾಡುವ ತಂದೆಯೂ ಮದುಮಗನ ಕುದುರೆಯ ಮುಂದೆ ಉದ್ದನೆಯ ಲಡಿ ಹಾಸಲೇಬೇಕು, ಇಲ್ಲದಿದ್ದರೆ ಮಂದಿ ಏನೆಂದಾರು ಎಂಬ ಭಯ. ಇಸ್ರಾಫ್, ಅಂದರೆ ದುಂದುವೆಚ್ಚ ಸಲ್ಲದು ಎಂದು ಜುಮಾದ ಬಯಾನಿನಲ್ಲಿ ಕೇಳಿ ತಲೆದೂಗುವ ನಾವೇ, ಹತ್ತು ನಿಮಿಷದಲ್ಲಿ ಬೂದಿಯಾಗುವ ವಸ್ತುವಿಗೆ ಹಣ ಸುರಿಯುತ್ತೇವೆ. ಆ ಹಣದಲ್ಲಿ ಒಬ್ಬ ಬಡ ಹುಡುಗಿಯ ಪಿ.ಯು. ಪುಸ್ತಕಗಳು ಬರುತ್ತವೆ ಎಂಬುದನ್ನು ಈ ಸಂಘದ ಸದಸ್ಯರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ವಿದ್ಯಾರ್ಥಿ ಮಿತ್ರರೇ, ಪಟಾಕಿ ಎಂದರೇನು? ವಿಜ್ಞಾನದ ಕಣ್ಣಿನಿಂದ ನೋಡೋಣ. ಅದರೊಳಗಿನ ಮೂಲ ವಸ್ತು ಕರಿ ಮದ್ದು. ನೂರು ಗ್ರಾಂ ಮದ್ದಿನಲ್ಲಿ ಸುಮಾರು 75 ಗ್ರಾಂ ಪೊಟ್ಯಾಸಿಯಂ ನೈಟ್ರೇಟ್, 15 ಗ್ರಾಂ ಇದ್ದಿಲು, 10 ಗ್ರಾಂ ಗಂಧಕ. ಬಣ್ಣಕ್ಕಾಗಿ ಲೋಹದ ಲವಣಗಳು: ಕೆಂಪಿಗೆ ಸ್ಟ್ರಾನ್ಷಿಯಂ, ಹಸಿರಿಗೆ ಬೇರಿಯಂ, ನೀಲಿಗೆ ತಾಮ್ರ, ಹಳದಿಗೆ ಸೋಡಿಯಂ. ಬೆಳ್ಳನೆಯ ಹೊಳಪಿಗೆ ಅಲ್ಯೂಮಿನಿಯಂ ಪುಡಿ. ನಾವು ಮೂರು ವರ್ಷದ ಕೂಸಿನ ಕೈಗೆ ಕೊಡುವ ಸುರ್‌ಸುರ್‌ಬತ್ತಿ ಉರಿಯುವಾಗ ಅದರ ತುದಿಯ ಶಾಖ ಸಾವಿರ ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ನೀರು ಕುದಿಯುವುದು ನೂರು ಡಿಗ್ರಿಗೆ. ಕುದಿಯುವ ನೀರಿನ ಪಾತ್ರೆಯ ಹತ್ತಿರ ಮಗುವನ್ನು ಬಿಡದ ತಾಯಿ, ಅದರ ಹತ್ತು ಪಟ್ಟು ಶಾಖವನ್ನು ನಗುನಗುತ್ತ ಕೈಗೆ ಕೊಡುತ್ತಾಳೆ.

ಸ್ಫೋಟಕ ಎಂದರೇನೆಂದು ನಮ್ಮ ಭಾಗದ ಜನರಿಗೆ ಹೊರಗಿನವರು ಕಲಿಸಬೇಕಾಗಿಲ್ಲ. ವಾಡಿ, ಸೇಡಂ, ಮಳಖೇಡ, ಚಿಂಚೋಳಿ ಸೀಮೆಯ ಸಿಮೆಂಟ್ ಕಾರ್ಖಾನೆಗಳಿಗೆ ಸುಣ್ಣದ ಕಲ್ಲು ಒದಗಿಸುವ ಗಣಿಗಳಲ್ಲಿ ಬ್ಲಾಸ್ಟಿಂಗ್ ಎಂಬ ಪದ ಮನೆಮಾತು. ಅಲ್ಲಿ ಮದ್ದು ಹಾರಿಸುವುದು ಹೇಗೆ? ಅದಕ್ಕೆ ಗೊತ್ತಾದ ಹೊತ್ತು ಇರುತ್ತದೆ. ಮೊದಲು ಸೈರನ್ ಕೂಗುತ್ತದೆ. ಕೆಂಪು ಬಾವುಟ ಹಿಡಿದವರು ದಾರಿಗಳಲ್ಲಿ ನಿಲ್ಲುತ್ತಾರೆ. ಕಾರ್ಮಿಕರನ್ನು ದೂರ ಕಳಿಸುತ್ತಾರೆ. ಪರೀಕ್ಷೆ ಪಾಸು ಮಾಡಿ ಪ್ರಮಾಣಪತ್ರ ಪಡೆದ ಬ್ಲಾಸ್ಟರ್ ಬಿಟ್ಟು ಬೇರೆ ಯಾರೂ ಅದನ್ನು ಮುಟ್ಟುವಂತಿಲ್ಲ. ಸಿಡಿಯದೆ ಉಳಿದ ಮದ್ದು ಇದೆಯೇ ಎಂದು ನೋಡಿ ಖಾತ್ರಿಯಾದ ಮೇಲೆಯೇ ಜನ ಮರಳಿ ಬರುತ್ತಾರೆ.

ಗಣಿಯ ಮದ್ದಿಗೂ ಅಂಗಡಿಯ ಪಟಾಕಿಗೂ ಬಲದಲ್ಲಿ ಅಜಗಜಾಂತರವಿದೆ, ಒಪ್ಪುತ್ತೇನೆ. ಆದರೆ ಅದೇ ಗಣಿಯಲ್ಲಿ ದುಡಿದು ಬಂದ ತಂದೆ, ಸಂಜೆ ತನ್ನ ಓಣಿಯಲ್ಲಿ ಹತ್ತು ವರ್ಷದ ಮಗ ಸಿಡಿಯದ ಬಾಂಬಿನ ಮೇಲೆ ಬಗ್ಗಿ ಊದುವುದನ್ನು ನೋಡುತ್ತ ಕೂರುವುದುಂಟು. ಹೊತ್ತು, ಜಾಗ, ಎಚ್ಚರಿಕೆ, ವಯಸ್ಸು, ಸಿಡಿಯದ್ದನ್ನು ಮುಟ್ಟದಿರುವುದು: ಗಣಿಯ ಈ ಐದು ನಿಯಮಗಳ ಚಿಕ್ಕ ರೂಪವನ್ನಾದರೂ ಓಣಿಗೆ ತರಬೇಕು. ಇಂದು ನಾನು ಹೇಳಲು ಬಂದಿರುವುದರ ಸಾರ ಇಷ್ಟೇ.

ಇತ್ತೀಚಿನ ಕೆಲವು ದುರಂತಗಳನ್ನು ನೆನೆಯೋಣ. 2023ರ ಅಕ್ಟೋಬರ್ 7ರಂದು ಬೆಂಗಳೂರು ಹೊರವಲಯದ ಅತ್ತಿಬೆಲೆಯಲ್ಲಿ ಪಟಾಕಿ ಮಳಿಗೆಗೆ ಬೆಂಕಿ ಬಿತ್ತು. ಒಂದೆರಡು ದಿನಗಳಲ್ಲೇ ಸತ್ತವರ ಸಂಖ್ಯೆ 14 ಆಯಿತು, ಆಸ್ಪತ್ರೆಯಲ್ಲಿದ್ದವರು ತೀರಿಕೊಂಡಂತೆ ಅದು ಇನ್ನೂ ಏರಿತು. ಸತ್ತವರಲ್ಲಿ ಹಲವರು ತಮಿಳುನಾಡಿನ ವಿದ್ಯಾರ್ಥಿಗಳು; ಹಬ್ಬದ ಹಂಗಾಮಿನಲ್ಲಿ ನಾಲ್ಕು ಕಾಸು ದುಡಿಯಲು ಬಂದಿದ್ದ ನಿಮ್ಮಂಥ ಹುಡುಗರು. 2024ರ ಜನವರಿ 28ರಂದು ಬೆಳ್ತಂಗಡಿ ತಾಲೂಕಿನ ವೇಣೂರಿನ ಬಳಿ ಪಟಾಕಿ ತಯಾರಿಕಾ ಘಟಕ ಸ್ಫೋಟಗೊಂಡು ಮೂವರು ಸತ್ತರು. ಅದೇ ವರ್ಷ ಅಕ್ಟೋಬರ್ 28ರ ರಾತ್ರಿ ಕಾಸರಗೋಡು ಜಿಲ್ಲೆಯ ನೀಲೇಶ್ವರದಲ್ಲಿ ತೆಯ್ಯಂ ಉತ್ಸವದ ಹೊತ್ತಿಗೆ, ದಾಸ್ತಾನು ಮಾಡಿದ್ದ ಪಟಾಕಿಗೆ ಕಿಡಿ ತಗುಲಿ 150ಕ್ಕೂ ಹೆಚ್ಚು ಜನ ಗಾಯಗೊಂಡರು, ಹಲವರು ಪ್ರಾಣ ಬಿಟ್ಟರು. 2016ರ ಏಪ್ರಿಲ್ 10ರಂದು ಕೇರಳದ ಕೊಲ್ಲಂ ಜಿಲ್ಲೆಯ ಪುಟ್ಟಿಂಗಲ್‌ನಲ್ಲಿ ನೂರಕ್ಕೂ ಹೆಚ್ಚು ಮಂದಿ ಸತ್ತದ್ದನ್ನು ದೇಶವೇ ನೋಡಿದೆ.

ಇವೆಲ್ಲ ಮಳಿಗೆ, ಕಾರ್ಖಾನೆ, ದೊಡ್ಡ ಉತ್ಸವಗಳಲ್ಲಿ ನಡೆದ ದುರಂತಗಳು, ಮನೆಯ ಮುಂದೆ ಹಾರಿಸುವ ಪಟಾಕಿಗೂ ಇದಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಪ್ರಶ್ನೆ ಸರಿಯಾದದ್ದೇ. ಎರಡನ್ನೂ ಬೆರೆಸಿ ಮಾತನಾಡುವುದು ನ್ಯಾಯವಲ್ಲ. ದೊಡ್ಡ ಉತ್ಸವಕ್ಕೆ ಬೇರೆ ಕಟ್ಟುಪಾಡು ಬೇಕು, ಅದು ಬೇರೆ ಚರ್ಚೆ. ಆದರೆ ಬಜಾರಿನ ನಡುವೆ, ಕಿರಾಣಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಪಟಾಕಿಯ ಪೆಟ್ಟಿಗೆಗಳು ಬಂದು ಕೂರುವುದು ಯಾರಿಗಾಗಿ? ಮನೆ ಮನೆಗೆ ಕೊಳ್ಳುವ ನಮಗಾಗಿ. ಕೊಳ್ಳುವವರು ಎಷ್ಟು, ಏನು ಕೇಳುತ್ತಾರೋ ಅಷ್ಟೇ ಸರಕು ಊರೊಳಗೆ ಬರುತ್ತದೆ.

ಮನೆಯ ಮುಂದಿನ ಪಟಾಕಿಯಿಂದ ಆಗುವ ಹಾನಿ ಇನ್ನೊಂದು ಬಗೆಯದು. ಅದು ಒಬ್ಬೊಬ್ಬರನ್ನೇ ಹಿಡಿಯುತ್ತದೆ, ಆದ್ದರಿಂದ ಪತ್ರಿಕೆಯ ಮೂಲೆಯಲ್ಲಿ ಮುಗಿದುಹೋಗುತ್ತದೆ. ಬೆಂಗಳೂರಿನ ಮಿಂಟೊ ಕಣ್ಣಾಸ್ಪತ್ರೆ ಪ್ರತಿ ದೀಪಾವಳಿಗೂ ವೈದ್ಯರನ್ನು ಹಗಲು-ರಾತ್ರಿ ಸಜ್ಜಾಗಿ ಇಡುತ್ತದೆ. ಅಲ್ಲಿಗೆ ಬರುವವರಲ್ಲಿ ಪಟಾಕಿ ಹಚ್ಚಿದವರಷ್ಟೇ ಅಲ್ಲ, ನೋಡುತ್ತ ನಿಂತವರೂ, ಹಾದಿ ಹಿಡಿದು ಹೋಗುತ್ತಿದ್ದವರೂ ಇರುತ್ತಾರೆ. ಇಡೀ ವಿಷಯದ ತಿರುಳು ಇಲ್ಲಿದೆ. ಹಚ್ಚಿದವನಿಗೇ ಪೆಟ್ಟಾದರೆ ಅವನ ಇಷ್ಟ, ಅವನ ಕಷ್ಟ ಎನ್ನಬಹುದಿತ್ತು. ಹಾಲು ತರಲು ಹೊರಟ ನೆರೆಮನೆಯ ಹುಡುಗನ ಕಣ್ಣಿಗೆ ನನ್ನ ರಾಕೆಟ್ ತಗುಲಿದರೆ ಅದನ್ನು ಖಾಸಗಿ ವಿಷಯ ಎನ್ನುವುದು ಹೇಗೆ?

ನಮ್ಮ ಊರುಗಳ ಸ್ಥಿತಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬೆಂಗಳೂರಿನ ಮಗುವಿಗೆ ಅರ್ಧ ಗಂಟೆಯಲ್ಲಿ ಕಣ್ಣಿನ ತಜ್ಞರು ಸಿಗಬಹುದು. ಸೇಡಂನಿಂದ ಕಲಬುರಗಿಗೆ ಸುಮಾರು 50 ಕಿಲೋಮೀಟರ್, ಚಿಂಚೋಳಿಯಿಂದ ಸುಮಾರು 80. ರಾತ್ರಿ ಹನ್ನೊಂದಕ್ಕೆ ಕಣ್ಣಿಗೆ ಕಿಡಿ ಬಿದ್ದರೆ ವಾಹನ ಹುಡುಕುವುದರಲ್ಲೇ ಬೆಲೆಬಾಳುವ ಹೊತ್ತು ಕಳೆಯುತ್ತದೆ. ಶಹಾಬಾದಿನಲ್ಲಿ ಕಲ್ಲು ಕೊಯ್ಯುವ, ಪಾಲಿಶ್ ಮಾಡುವ ಕೆಲಸದಿಂದ ಎದೆಗೆ ಧೂಳು ತುಂಬಿಕೊಂಡ ಹಿರಿಯರಿದ್ದಾರೆ, ವಾಡಿಯಲ್ಲಿ ಸಿಮೆಂಟಿನ ಧೂಳಿನ ನಡುವೆ ಬದುಕುವವರಿದ್ದಾರೆ. ದಮ್ಮು ಇರುವವರಿಗೆ ಪಟಾಕಿಯ ಹೊಗೆ ಎಂದರೆ ಗಾಯದ ಮೇಲೆ ಬರೆ. ಹಳ್ಳಿಗಳಲ್ಲಿ ಹೆಂಚಿಲ್ಲದ ಚಪ್ಪರಗಳಿವೆ, ಕಣಕಿಯ ಬಣವೆಗಳಿವೆ. ದಾರಿ ತಪ್ಪಿದ ಒಂದು ರಾಕೆಟ್ ರೈತನ ವರ್ಷದ ಮೇವನ್ನು ಸುಟ್ಟುಬಿಡಬಲ್ಲದು. ಚಿಂಚೋಳಿಯಲ್ಲಂತೂ 2011ರಲ್ಲಿ ಘೋಷಣೆಯಾದ ವನ್ಯಜೀವಿ ಧಾಮವೇ ಇದೆ. ಮೂಕ ಪ್ರಾಣಿಗಳು ಯಾರಲ್ಲಿ ದೂರು ಹೇಳಬೇಕು?

ಈಗ ಕಾನೂನು ಏನು ಹೇಳುತ್ತದೆ ನೋಡೋಣ. ಮಿತಿ ಹಾಕಬೇಕೆ ಎಂದು ನಾವು ಚರ್ಚಿಸುತ್ತಿದ್ದೇವೆ. ಕಾನೂನು ಈಗಾಗಲೇ ಹಲವು ಮಿತಿಗಳನ್ನು ಹಾಕಿದೆ. 1999ರ ಕೇಂದ್ರ ಅಧಿಸೂಚನೆಯ ಪ್ರಕಾರ, ಸಿಡಿದ ಜಾಗದಿಂದ ನಾಲ್ಕು ಮೀಟರ್ ದೂರದಲ್ಲಿ 125 ಡೆಸಿಬೆಲ್ ಮೀರಿದ ಸದ್ದು ಮಾಡುವ ಪಟಾಕಿಯನ್ನು ತಯಾರಿಸುವಂತಿಲ್ಲ, ಮಾರುವಂತಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ರಾತ್ರಿ 45 ಡೆಸಿಬೆಲ್ ಮಿತಿ ಇಟ್ಟಿವೆ. ಡೆಸಿಬೆಲ್ ಲೆಕ್ಕದಲ್ಲಿ ಹತ್ತು ಹೆಚ್ಚಾದರೆ ಶಬ್ದದ ಶಕ್ತಿ ಹತ್ತು ಪಟ್ಟಾಗುತ್ತದೆ ಎಂಬುದನ್ನು ವಿಜ್ಞಾನದ ವಿದ್ಯಾರ್ಥಿಗಳು ಗಮನಿಸಬೇಕು. 2005ರ ಜುಲೈ 18ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಸದ್ದಿನ ಪಟಾಕಿಯನ್ನು ನಿಷೇಧಿಸಿತು. ಇದನ್ನು ಕೇಳಿದ ಮೇಲೆ ಶಬ್-ಎ-ಬರಾತ್‌ನ ನಡುರಾತ್ರಿಯ ಪಟಾಕಿ ಎಲ್ಲಿ ನಿಲ್ಲುತ್ತದೆ ನೀವೇ ಹೇಳಿ. ಅದಕ್ಕೆ ಶರೀಅತ್ತಿನ ಬೆಂಬಲವೂ ಇಲ್ಲ, ದೇಶದ ಕಾನೂನಿನ ಬೆಂಬಲವೂ ಇಲ್ಲ.

2015ರಲ್ಲಿ ದೆಹಲಿಯ ಮೂವರು ಎಳೆಯ ಕೂಸುಗಳ ಹೆಸರಿನಲ್ಲಿ ಅವರ ಹೆತ್ತವರು ಸುಪ್ರೀಂ ಕೋರ್ಟಿಗೆ ಹೋದರು. ಅರ್ಜುನ್ ಗೋಪಾಲ್ ಪ್ರಕರಣ ಎಂದು ಅದು ಹೆಸರಾಗಿದೆ. 2018ರ ಅಕ್ಟೋಬರ್ 23ರಂದು ಬಂದ ತೀರ್ಪು ಪಟಾಕಿಯನ್ನು ಪೂರ್ತಿ ನಿಷೇಧಿಸಲಿಲ್ಲ. ಕಡಿಮೆ ಹೊಗೆಯ ಹಸಿರು ಪಟಾಕಿಗೆ ಮಾತ್ರ ಅವಕಾಶ, ಹಬ್ಬದ ದಿನ ರಾತ್ರಿ 8ರಿಂದ 10ರವರೆಗೆ ಮಾತ್ರ, ಲಡಿ ಬೇಡ, ಬೇರಿಯಂ ಲವಣ ಬೇಡ, ಆನ್‌ಲೈನ್ ಮಾರಾಟ ಬೇಡ ಎಂದಿತು. ಓಣಿ ಓಣಿಗಳಲ್ಲಿ ಹಾರಿಸುವ ಬದಲು ಗೊತ್ತುಪಡಿಸಿದ ಜಾಗದಲ್ಲಿ ಎಲ್ಲರೂ ಸೇರಿ ಹಾರಿಸುವುದನ್ನು ಪ್ರೋತ್ಸಾಹಿಸಿತು. ಈ ಆದೇಶಗಳು ದೆಹಲಿಗೆ ಮಾತ್ರವಲ್ಲ, ಇಡೀ ದೇಶಕ್ಕೆ ಅನ್ವಯಿಸುತ್ತವೆ ಎಂದು 2023ರ ನವೆಂಬರಿನಲ್ಲಿ ಕೋರ್ಟ್ ಸ್ಪಷ್ಟಪಡಿಸಿತು. ಅತ್ತಿಬೆಲೆ ದುರಂತದ ನಂತರ ಕರ್ನಾಟಕ ಸರ್ಕಾರವೂ ಮದುವೆ, ರಾಜಕೀಯ ಸಮಾರಂಭ, ಗಣೇಶೋತ್ಸವಗಳಲ್ಲಿ ಪಟಾಕಿ ಬಳಸಬಾರದು, ಹಸಿರು ಪಟಾಕಿಗಷ್ಟೇ ಅವಕಾಶ ಎಂಬ ನಿರ್ಧಾರವನ್ನು ಪ್ರಕಟಿಸಿತು.

ಹಸಿರು ಎಂಬ ಹೆಸರು ಕೇಳಿ ಮೋಸಹೋಗಬಾರದು. ನಾಗಪುರದ ನೀರಿ ಸಂಸ್ಥೆಯ ವಿಜ್ಞಾನಿಗಳು ರೂಪಿಸಿದ ಈ ಪಟಾಕಿಗಳು ಮಾಮೂಲಿಗಿಂತ ಸುಮಾರು 30 ಶೇಕಡಾ ಕಡಿಮೆ ಧೂಳುಕಣ ಉಗುಳುತ್ತವೆ. ಉಳಿದ ಹೊಗೆ ಇದ್ದೇ ಇರುತ್ತದೆ. ಕಣ್ಣಿಗೆ ಬಿದ್ದರೆ ಹಸಿರು ಪಟಾಕಿಯ ಕಿಡಿಯೂ ಸುಡುತ್ತದೆ.

ವಿರೋಧದ ಮಾತುಗಳನ್ನೂ ಗೌರವದಿಂದ ಕೇಳಬೇಕು. ಮೊದಲನೆಯದು, ಇದು ನಮ್ಮ ಹಳೆಯ ಸಂಪ್ರದಾಯ ಎಂಬುದು. ನಿಜ. 1443ರಲ್ಲಿ ವಿಜಯನಗರಕ್ಕೆ ಬಂದಿದ್ದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಮಹಾನವಮಿಯ ಬಾಣಬಿರುಸುಗಳನ್ನು ಬಣ್ಣಿಸಿದ್ದಾನೆ. ಆದರೆ ಅದು ಬಯಲಿನಲ್ಲಿ, ಬಲ್ಲವರು ನಡೆಸಿದ, ಊರೆಲ್ಲ ಸೇರಿ ನೋಡಿದ ಆಟ. ಆರು ಅಡಿ ಅಗಲದ ಓಣಿಯಲ್ಲಿ, ಬೈಕುಗಳ ಪೆಟ್ರೋಲ್ ಟ್ಯಾಂಕಿನ ಪಕ್ಕದಲ್ಲಿ ಬಾಂಬ್ ಇಡುವುದು ಆ ಸಂಪ್ರದಾಯವಲ್ಲ.

ಎರಡನೆಯದು, ಶಿವಕಾಶಿಯ ಕಾರ್ಮಿಕರ ಹೊಟ್ಟೆಪಾಡು. ಇದು ತೂಕದ ಮಾತು. ಒಣಭೂಮಿಯ ಜನ ಆ ಉದ್ಯೋಗದಿಂದ ಬದುಕಿದ್ದಾರೆ. ನಮ್ಮದೂ ಒಣಭೂಮಿ, ಆ ಸಂಕಟ ನಮಗೆ ಗೊತ್ತು. ಆದರೆ 2012ರ ಸೆಪ್ಟೆಂಬರಿನಲ್ಲಿ ಶಿವಕಾಶಿಯ ಬಳಿಯ ಮುದಲಿಪಟ್ಟಿಯಲ್ಲಿ ಒಂದೇ ಕಾರ್ಖಾನೆಯ ಬೆಂಕಿಗೆ 30ಕ್ಕೂ ಹೆಚ್ಚು ಜನ ಬಲಿಯಾದರು. ಅಲ್ಲಿನ ಬಾಲಕಾರ್ಮಿಕರ ಬಗ್ಗೆ 1996ರಲ್ಲಿ ಸುಪ್ರೀಂ ಕೋರ್ಟೇ ತೀರ್ಪು ಕೊಡಬೇಕಾಯಿತು. ಒಮ್ಮೆಲೇ ಬಾಗಿಲು ಮುಚ್ಚಿದರೆ ಅವರು ಬೀದಿಗೆ ಬೀಳುತ್ತಾರೆ. ಅಪಾಯದ ಸರಕನ್ನು ಹಂತ ಹಂತವಾಗಿ ಬಿಟ್ಟು, ಕಡಿಮೆ ಅಪಾಯದ ಸರಕಿಗೆ ಹೊರಳಲು ಸಮಯ ಕೊಟ್ಟರೆ ಕೆಲಸವೂ ಉಳಿಯುತ್ತದೆ, ಜೀವವೂ ಉಳಿಯುತ್ತದೆ. ಪೂರ್ಣ ನಿಷೇಧಕ್ಕಿಂತ ಮಿತಿಯೇ ಲೇಸು ಎನ್ನಲು ಇದೂ ಒಂದು ಕಾರಣ.

ಮೂರನೆಯದು, ಕಾನೂನು ಬಡವನ ಮಗನನ್ನೇ ಹಿಡಿಯುತ್ತದೆ, ದೊಡ್ಡವರ ಮೆರವಣಿಗೆಯನ್ನು ಕಾಣದಂತಿರುತ್ತದೆ ಎಂಬುದು. ಒಂದು ಸಮಾಜದವರನ್ನು ಹಿಡಿದು ಇನ್ನೊಂದು ಸಮಾಜದವರನ್ನು ಬಿಡುತ್ತದೆ ಎಂಬ ದೂರೂ ಎಲ್ಲ ಕಡೆಯಿಂದ ಬರುತ್ತದೆ. ಇದನ್ನು ತಳ್ಳಿಹಾಕಲಾರೆ. ಅದಕ್ಕೆ ಮದ್ದು ಒಂದೇ: ಎಲ್ಲರಿಗೂ ಒಂದೇ ಅಳತೆ. ದೀಪಾವಳಿಗೆ ಯಾವ ಹೊತ್ತೋ ಶಬ್-ಎ-ಬರಾತ್‌ಗೂ ಅದೇ ಹೊತ್ತು. ಗಣೇಶನ ಮೆರವಣಿಗೆಗೆ ಯಾವ ನಿಯಮವೋ ಉರುಸಿನ ಸಂದಲ್‌ಗೂ ಅದೇ ನಿಯಮ. ಶಾದಿಗೂ, ಚುನಾವಣೆಯ ಗೆಲುವಿಗೂ, ಕ್ರಿಕೆಟ್ಟಿನ ಗೆಲುವಿಗೂ ಅದೇ ನಿಯಮ. ಆಗ ಯಾರೂ ಯಾರ ಮೇಲೂ ಬೆರಳು ತೋರಿಸಲಾರರು.

ಬೇರೆ ದೇಶಗಳಿಂದ ಎರಡು ಪಾಠ ಕಲಿಯಬಹುದು. ಆಸ್ಟ್ರೇಲಿಯಾದ ಹೆಚ್ಚಿನ ರಾಜ್ಯಗಳಲ್ಲಿ ಜನಸಾಮಾನ್ಯರು ಪಟಾಕಿ ಹಾರಿಸುವಂತಿಲ್ಲ, ಆದರೂ ಹೊಸವರ್ಷದ ರಾತ್ರಿ ಸಿಡ್ನಿಯ ಬಂದರಿನಲ್ಲಿ ನುರಿತವರು ನಡೆಸುವ ಪ್ರದರ್ಶನವನ್ನು ಲಕ್ಷಾಂತರ ಜನ ನೋಡಿ ನಲಿಯುತ್ತಾರೆ. ಸಂಭ್ರಮ ಉಳಿಯಿತು, ಅಪಾಯ ತಗ್ಗಿತು. ನೆದರ್ಲೆಂಡ್ಸ್‌ನ ಸಂಸತ್ತು 2025ರಲ್ಲಿ ಖಾಸಗಿ ಪಟಾಕಿಯನ್ನು ನಿಷೇಧಿಸುವ ಕಾನೂನನ್ನು ಅಂಗೀಕರಿಸಿತು. ಇದಕ್ಕೆ ವಿರುದ್ಧವಾದ ಪಾಠ ಬೀಜಿಂಗ್ ನಗರದ್ದು. 1993ರಲ್ಲಿ ನಿಷೇಧ ಹಾಕಿದರು, ಜನ ಕೇಳಲಿಲ್ಲ, 2005ರಲ್ಲಿ ಸಡಿಲಿಸಿದರು, ಕೆಲವು ವರ್ಷಗಳ ನಂತರ ಮತ್ತೆ ಬಿಗಿ ಮಾಡಿದರು. ನಮ್ಮ ದೆಹಲಿಯಲ್ಲೂ ಹಾಗೆಯೇ ಆಯಿತು: ಪೂರ್ಣ ನಿಷೇಧವಿದ್ದ ವರ್ಷಗಳಲ್ಲೂ ಪಟಾಕಿ ಸಿಡಿಯಿತು, 2025ರ ದೀಪಾವಳಿಗೆ ಕೆಲವು ದಿನಗಳ ಮಟ್ಟಿಗೆ ಹಸಿರು ಪಟಾಕಿಗೆ ಕೋರ್ಟ್ ಅವಕಾಶ ಕೊಟ್ಟಿತು. ಜನರ ಮನಸ್ಸು ಒಪ್ಪದ ನಿಷೇಧ ಕಾಗದದ ಮೇಲೆಯೇ ಉಳಿಯುತ್ತದೆ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: ಪೂರ್ಣ ನಿಷೇಧ ಬೇಡ, ಮಿತಿ ಬೇಕೇ ಬೇಕು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿ, ಈ ನಮ್ಮ ಐದು ಊರುಗಳ ಮಟ್ಟಿಗೆ ಐದು ಸಲಹೆಗಳನ್ನು ಸಂಘದ ಮುಂದಿಡುತ್ತೇನೆ.

ಒಂದು, ಜಾಗ. ಪ್ರತಿ ಊರಿನಲ್ಲೂ ಒಂದು ಬಯಲನ್ನು ಗುರುತಿಸುವಂತೆ ಪುರಸಭೆ, ನಗರಸಭೆಗಳಿಗೆ ಎಲ್ಲ ಸಮಾಜಗಳ ಹಿರಿಯರು ಸೇರಿ ಮನವಿ ಕೊಡಬೇಕು. ಆಸ್ಪತ್ರೆ, ಬಣವೆ, ಪೆಟ್ರೋಲ್ ಬಂಕುಗಳಿಂದ ಅದು ದೂರವಿರಬೇಕು.

ಎರಡು, ಹೊತ್ತು. ರಾತ್ರಿ 8ರಿಂದ 10. ಹತ್ತರ ನಂತರ ಒಂದೂ ಇಲ್ಲ.

ಮೂರು, ವಯಸ್ಸು. ದೊಡ್ಡವರು ಪಕ್ಕದಲ್ಲಿ ಇಲ್ಲದೆ ಮಕ್ಕಳ ಕೈಗೆ ಪಟಾಕಿ ಕೊಡಬಾರದು. ಬಾಂಬ್, ರಾಕೆಟ್, ಲಡಿಗಳನ್ನು ಮಕ್ಕಳಿಗೆ ಮಾರುವುದಿಲ್ಲ ಎಂದು ಅಂಗಡಿಯವರಿಂದ ಮಾತು ಪಡೆಯಬೇಕು.

ನಾಲ್ಕು, ಅಂಗಡಿ. ಬಜಾರಿನ ನಡುವೆ ಮಾರಾಟ ಬೇಡ. 2008ರ ಸ್ಫೋಟಕ ನಿಯಮಗಳ ಪ್ರಕಾರ ತಾತ್ಕಾಲಿಕ ಮಳಿಗೆಗಳು ಬೆಂಕಿ ಹಿಡಿಯದ ಸಾಮಗ್ರಿಯಿಂದ ಕಟ್ಟಿರಬೇಕು, ಒಂದಕ್ಕೊಂದು ಕನಿಷ್ಠ ಮೂರು ಮೀಟರ್ ಅಂತರವಿರಬೇಕು, ಎದುರುಬದುರು ಇರಬಾರದು. ನಿಯಮ ಬರೆದವರು ಬರೆದಿದ್ದಾರೆ, ನೋಡಿಕೊಳ್ಳಬೇಕಾದವರು ನಾವು.

ಐದು, ಶಾದಿ. ಬರಾತಿನಲ್ಲಿ ಪಟಾಕಿ ಹಾರಿಸುವುದಿಲ್ಲ ಎಂದು ಸಂಘದ ಸದಸ್ಯರು ಇಂದೇ ಸಂಕಲ್ಪ ಮಾಡಲಿ. ಉಳಿದ ಹಣದ ಒಂದು ಪಾಲು ವಿದ್ಯಾರ್ಥಿವೇತನ ನಿಧಿಗೆ ಬರಲಿ. ಮಾತಿಗಿಂತ ಮಾದರಿ ದೊಡ್ಡದು.

ವಿದ್ಯಾರ್ಥಿ ಮಿತ್ರರೇ, ನಿಮಗೆ ಇನ್ನೆರಡು ಮಾತು. ಸುಟ್ಟ ಗಾಯಕ್ಕೆ ಹಲ್ಲಿನ ಪೇಸ್ಟ್, ಶಾಯಿ, ತುಪ್ಪ ಹಚ್ಚುವ ರೂಢಿ ಇನ್ನೂ ಇದೆ. ಹಾಗೆ ಮಾಡಬೇಡಿ. ಹರಿಯುವ ತಣ್ಣೀರಿನಲ್ಲಿ ಇಪ್ಪತ್ತು ನಿಮಿಷ ಹಿಡಿಯಿರಿ, ಶುಭ್ರ ಬಟ್ಟೆ ಮುಚ್ಚಿ, ವೈದ್ಯರಲ್ಲಿಗೆ ಹೋಗಿ. ಕಣ್ಣಿಗೆ ಪೆಟ್ಟಾದರೆ ಉಜ್ಜಬೇಡಿ, ಒತ್ತಬೇಡಿ, ಮನೆಮದ್ದು ಹಾಕಬೇಡಿ. ಒಂದು ಗಳಿಗೆಯೂ ತಡಮಾಡದೆ ಕಣ್ಣಿನ ವೈದ್ಯರನ್ನು ಕಾಣಿ. ಸಿಡಿಯದೆ ಉಳಿದದ್ದರ ಮೇಲೆ ದೂರದಿಂದ ನೀರು ಸುರಿಯಿರಿ, ಕೈ ಹಾಕಬೇಡಿ. ಇಷ್ಟನ್ನು ನಿಮ್ಮ ತಮ್ಮ-ತಂಗಿಯರಿಗೂ, ಹಿಂದೂ ಗೆಳೆಯರ ಮನೆಯ ಮಕ್ಕಳಿಗೂ ಕಲಿಸಿಕೊಟ್ಟರೆ ಇವತ್ತಿನ ಸಭೆ ಸಾರ್ಥಕ.

ನೆರೆಯವನು ನಮ್ಮ ಕೈಯಿಂದ ನಿಶ್ಚಿಂತೆಯಾಗಿರಬೇಕು ಎಂಬುದು ನಮ್ಮ ದೀನ್ ಕಲಿಸಿದ ಪಾಠ. ಆ ನೆರೆಯವನ ಜಾತಿ-ಮತವನ್ನು ಅದು ಕೇಳುವುದಿಲ್ಲ. ನಮ್ಮ ಹಬ್ಬದ ರಾತ್ರಿ ನೆರೆಮನೆಯ ಮುದುಕ ನಿದ್ದೆ ಮಾಡಬೇಕು, ಹಸುಗೂಸು ಬೆಚ್ಚಿ ಬೀಳಬಾರದು, ದನ ಹಗ್ಗ ಹರಿದು ಓಡಬಾರದು. ಅಷ್ಟು ಎಚ್ಚರ ನಮ್ಮ ಸಂಭ್ರಮದಲ್ಲಿ ಇರಲಿ.